ಸಾಹೇಬರ ಹಸಿರು ಗಂಟು

ನಮ್ಮ ಗೋದಾಮಿನಿಂದ ಹೊರಡುವ ಸೀರೆಗಳಲ್ಲಿ, ಉಡುವವರಿಗೆ ಗೊತ್ತಿಲ್ಲದ, ನೇಯುವವರಿಗೆಲ್ಲ ಗೊತ್ತಿರುವ ಒಂದು ಗುರುತಿದೆ. ಸೀರೆಯ ಒಳತುದಿಯ ಮೂಲೆಯಲ್ಲಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಮರೆತುಬಿಡುವ ಜಾಗದಲ್ಲಿ, ಹಸಿರು ನೂಲಿನ ಒಂದು ಗಂಟು. ಸಾಸಿವೆ ಕಾಳಿನಷ್ಟಿರುತ್ತದೆ. ಕಣ್ಣಿಗೆ ಬಿದ್ದರೂ ಯಾವುದೋ ಎಳೆ ಬಿಟ್ಟಿದೆ ಎಂದು ಕತ್ತರಿಸಿ ಬಿಸಾಡುತ್ತಾರೆ. ಅಂಚು ನೇರವಾಗಿದೆ, ಎಳೆ ತಪ್ಪಿಲ್ಲ, ಎಣ್ಣೆ ಕಲೆ ಇಲ್ಲ, ಇದನ್ನು ಶಫೀವುಲ್ಲಾ ಎಂಬ ಮನುಷ್ಯ ಈ ತುದಿಯಿಂದ ಆ ತುದಿಯವರೆಗೆ ನೋಡಿದ್ದಾನೆ ಎಂದು ಆ ಗಂಟಿನ ಅರ್ಥ. ದೊಡ್ಡಬಳ್ಳಾಪುರದಲ್ಲಿ ಮೂವತ್ತೊಂದು ವರ್ಷ ನಮ್ಮ ಈ ಸಾಹೇಬರು ಅದನ್ನು ಕಟ್ಟಿದರು.

ನಾನು ಶಶಿರೇಖಾ, ಅದೇ ಗೋದಾಮಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು. ಆವತಿಯಿಂದ ಬೆಳಿಗ್ಗೆ ಎರಡು ಬಸ್ಸು ಹತ್ತಿ ಬರುತ್ತೇನೆ, ಸಂಜೆ ಎರಡು ಬಸ್ಸು ಹತ್ತಿ ಹೋಗುತ್ತೇನೆ. ಈ ಹದಿನಾಲ್ಕು ವರ್ಷದಲ್ಲಿ ಸೊಂಟ ಹೋಯಿತು, ಬಿಎಸ್ಸಿಯಲ್ಲಿ ಕಲಿತ ಗಣಿತ ಹೋಯಿತು. ತಾಳ್ಮೆ ಮೊದಲೂ ಇರಲಿಲ್ಲ. ಸಾಹೇಬರ ಬಗ್ಗೆ ಯಾಕೆ ಬರೆಯುತ್ತಿದ್ದೇನೆ ಎಂದರೆ, ಅವರ ಹೆಸರಿಗೆ ಮಸಿ ಬಳಿದ ಪಟ್ಟಿಯನ್ನು ಓದಿದವಳು ನಾನೇ.

ಮೇಲಂತಸ್ತಿನಲ್ಲಿ ಉತ್ತರದ ಕಿಟಕಿ ಪಕ್ಕ ಅವರದೊಂದು ಓರೆ ಮೇಜು. ಬಿಸಿಲು ನೇರ ಬೀಳದ, ಆದರೆ ದಿನವಿಡೀ ಬೆಳಕಿರುವ ಜಾಗ. ಸೀರೆಯ ಒಂದು ತುದಿ ಮೇಜಿನ ಆಚೆ, ಇನ್ನೊಂದು ಅವರ ಕೈಯಲ್ಲಿ. ಮೊಳ ಮೊಳವಾಗಿ ಎಳೆದುಕೊಳ್ಳುತ್ತಾ ಹೋಗುತ್ತಾರೆ. ಮೇಲಿನ ಅಂಚು ಒಂದು ಸಲ, ಕೆಳಗಿನ ಅಂಚು ಒಂದು ಸಲ, ಒಡಲು ಒಂದು ಸಲ. ಮಾತಿಲ್ಲ. ಸರಿಯಿದ್ದರೆ ಅಂಗಿ ಜೇಬಿನಿಂದ ಹಸಿರು ನೂಲಿನ ಉಂಡೆ ತೆಗೆದು ಗಂಟು ಹಾಕುತ್ತಾರೆ. ಸರಿಯಿಲ್ಲದಿದ್ದರೆ ಸೀಮೆಸುಣ್ಣದಲ್ಲಿ ಸಣ್ಣ ಗೀಟು ಎಳೆದು ಎಡಗಡೆ ಇಡುತ್ತಾರೆ. ಎಡಗಡೆ ಹೋದದ್ದು ಸೆಕೆಂಡ್ಸ್, ಕಡಿಮೆ ಬೆಲೆಗೆ ಹೋಗುವ ಮಾಲು.

ಗಂಗಲಕ್ಷ್ಮಮ್ಮ ಅಂತ ಒಬ್ಬರಿದ್ದಾರೆ, ಮನೆಯಲ್ಲೇ ನಾಲ್ಕು ಮಗ್ಗ ಹಾಕಿಕೊಂಡವರು, ಬಾಯಿ ಜೋರು. ಅಂಗಡಿಯವರು, ನೂಲಿನವರು, ಕರೆಂಟಿನವರು, ಯಾರನ್ನೂ ಬಿಟ್ಟವರಲ್ಲ. ಅಂಥವರ ಸೀರೆಯನ್ನು ಒಮ್ಮೆ ಸಾಹೇಬರು ಎಡಗಡೆ ಇಟ್ಟು, "ಮೂರನೇ ಮಗ್ಗದ್ದಲ್ವಾ ತಾಯಿ? ಹಾಸು ಒಂದು ಕಡೆ ಸಡಿಲ ಬಿಟ್ಟೈತೆ, ಅಂಚು ಒಳಕ್ಕೆ ಎಳೀತಾ ಐತೆ, ನೋಡಿ," ಅಂದರು. ಹಾಸು ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು. ಗಂಗಲಕ್ಷ್ಮಮ್ಮ ತುಟಿ ಬಿಚ್ಚದೆ ಮನೆಗೆ ಹೋದರು. ಮಾರನೆಯ ದಿನ ಬಂದು, "ಹೂಂ, ಮೂರನೇದೇ," ಅಂದರು. ಅಷ್ಟೇ. ನಾನು ಕಂಡ ಮಟ್ಟಿಗೆ ಆ ಗಂಟಿನ ಮೇಲೆ ಜಗಳ ಆದದ್ದೇ ಇಲ್ಲ.

ಕಳೆದ ವರ್ಷ ಯುಗಾದಿ ಮುಗಿದ ಮೇಲೆ ಮಾಲೀಕರು ನರಸಿಂಹಯ್ಯನವರು ಕ್ಯಾಮೆರಾ ತರಿಸಿದರು. ಬೆಂಗಳೂರಿನ ಒಂದು ಆನ್‌ಲೈನ್ ಕಂಪನಿಯವರ ಜೊತೆ ಮಾತಾಗಿತ್ತು. ಅವರಿಗೆ ಗಂಟು ಗಿಂಟು ಬೇಡ. ಪ್ರತಿ ಸೀರೆಗೂ ಫೋಟೋ ಬೇಕು, ಅಂಚು ಎಷ್ಟು ಮಿಲಿಮೀಟರ್ ಆಚೀಚೆ ಹೋಗಿದೆ ಎಂಬ ಅಳತೆ ಬೇಕು. ನಮ್ಮ ಗೋದಾಮಿನ ಸೂರು ತಗ್ಗು. ಕ್ಯಾಮೆರಾ ಎತ್ತರಕ್ಕೆ ಏರಿಸಲು ಜಾಗವಿಲ್ಲ, ಹತ್ತಿರದಿಂದಲೇ ಸೀರೆಯ ಪೂರ್ತಿ ಅಗಲ ಹಿಡಿಯಬೇಕು. ಬಂದವರು ಅದಕ್ಕೆ ತಕ್ಕ ಅಗಲ ನೋಟದ ಲೆನ್ಸು ಹಾಕಿ, ನನಗೆ ಒಂದು ಗಂಟೆ ಪಾಠ ಹೇಳಿ, ಟೀ ಕುಡಿದು ಹೋದರು. ಸೀರೆ ಮೇಜಿನ ಮೇಲೆ ಹಾಯುತ್ತಾ ಹೋದಂತೆ ಮೊಳಕ್ಕೊಂದು ಫೋಟೋ ಬೀಳುತ್ತದೆ. ಅಂಚು ನಾಲ್ಕು ಮಿಲಿಮೀಟರಿಗಿಂತ ಹೆಚ್ಚು ಬಾಗಿದ್ದರೆ ಪರದೆಯ ಮೇಲೆ ಕೆಂಪು ಬರುತ್ತದೆ.

ಮೊದಲ ದಿನ ಹೊಸದು ಹಳೆಯದು ಸೇರಿಸಿ, ಹಸಿರು ಗಂಟು ಬಿದ್ದಿದ್ದ ನಲವತ್ತು ಸೀರೆ ಹಾಯಿಸಿದೆವು. ಮೂವತ್ತಾರು ಕೆಂಪು.

ನಾನು ಪಟ್ಟಿಯನ್ನು ಜೋರಾಗಿ ಓದಿದೆ. ನಡುವೆ ನಿಲ್ಲಿಸಬಹುದಿತ್ತು. ಯಂತ್ರದ ಬಗ್ಗೆ ಅನುಮಾನ ಬರಬೇಕಿತ್ತು, ಬರಲಿಲ್ಲ. ಹೊಸ ಸಾಮಾನು ಬಂದಾಗ ಮನುಷ್ಯರ ಮೇಲೆ ಅನುಮಾನ ಬೇಗ ಬರುತ್ತದೆ. ಓದಿ ಮುಗಿಸುವ ಹೊತ್ತಿಗೆ ನರಸಿಂಹಯ್ಯನವರು ಕುರ್ಚಿ ಬಿಟ್ಟು ಎದ್ದು ನಿಂತಿದ್ದರು.

"ಏನ್ ಸಾಹೇಬ್ರೆ ಇದು?" ಅಂದರು.

ಸಾಹೇಬರು ಕನ್ನಡಕ ತೆಗೆದರು, ಅಂಗಿ ತುದಿಯಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು. "ಯಂತ್ರ ತೋರಿಸ್ತಾ ಐತಲ್ಲ ಸ್ವಾಮಿ. ಇರ್ಬೋದು," ಅಂದರು.

ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ಮೂವತ್ತೊಂದು ವರ್ಷ ಕೆಲಸ ಮಾಡಿದವನು ಒಂದು ಸಲವಾದರೂ ಜಗಳ ಆಡಬಾರದೇ? ಇರಬಹುದು ಎಂದರೆ ಏನರ್ಥ? ಆಮೇಲೆ ನರಸಿಂಹಯ್ಯನವರು ಹೇಳಿದ್ದನ್ನೂ ಅವರು ಹಾಗೇ ಕೇಳಿಸಿಕೊಂಡರು. "ಈ ತಿಂಗಳು ಕಳೀಲಿ. ಯಂತ್ರದ್ದು ತಪ್ಪು ಅಂತ ಗೊತ್ತಾದ್ರೆ ಸರಿ. ಇಲ್ಲಾಂದ್ರೆ ನೀವು ಕೆಳಗಡೆ ಪ್ಯಾಕಿಂಗ್ ನೋಡ್ಕೊಳ್ಳಿ. ಬೇಜಾರ್ ಮಾಡ್ಕೋಬೇಡಿ."

ಪ್ಯಾಕಿಂಗ್‌ಗೆ ಹೋಗುವುದು ದೊಡ್ಡ ವಿಷಯವಲ್ಲ. ಆದರೆ ತಿಂಗಳು ಕಳೆಯುವ ಮೊದಲೇ ಊರಲ್ಲಿ ಮಾತು ಹಬ್ಬಿತ್ತು. ಸಾಹೇಬರು ನೇಕಾರರ ಕೈಯಿಂದ ಏನೋ ತೆಗೆದುಕೊಂಡು ಸೊಟ್ಟ ಸೀರೆಗಳನ್ನು ಪಾಸು ಮಾಡುತ್ತಿದ್ದರು ಎಂದು ಒಬ್ಬರು, ವಯಸ್ಸಾಯ್ತು ಬಿಡಿ ಎಂದು ಇನ್ನೊಬ್ಬರು. ಗಂಟು ಒಂದೇ ದಿನದ್ದಲ್ಲ. ಇವತ್ತಿನದು ಸುಳ್ಳಾದರೆ ಹಿಂದಿನವೆಲ್ಲ ಸುಳ್ಳು. ಅರವತ್ತೊಂದನೇ ವಯಸ್ಸಿನಲ್ಲಿ ಆ ಮನುಷ್ಯನ ಹತ್ತಿರ ಆಸ್ತಿ ಅಂತ ಇದ್ದದ್ದು ಅದೊಂದೇ.

ಸಾಹೇಬರು ಮಾತ್ರ ದಿನಾ ಬಂದು ಮೇಜಿನ ಮುಂದೆ ನಿಲ್ಲುತ್ತಿದ್ದರು. ಮೊದಲಿಗಿಂತ ನಿಧಾನ. ಒಂದೇ ಅಂಚನ್ನು ಮೂರು ಮೂರು ಸಲ ನೋಡುವರು. ತಲೆ ಓರೆ ಮಾಡುವರು. ಹೆಬ್ಬೆರಳು ತೋರುಬೆರಳಿನ ನಡುವೆ ಅಂಚನ್ನು ಹಿಡಿದು ಉದ್ದಕ್ಕೂ ಸವರುತ್ತಾ ಹೋಗುವರು. ಭಯಪಟ್ಟಿದ್ದಾರೆ ಪಾಪ ಎಂದುಕೊಂಡೆ. ಮಧ್ಯಾಹ್ನ ಹೆಂಡತಿ ಫರೀದಾ ಬೇಗಂ ಕಟ್ಟಿಕೊಟ್ಟ ಡಬ್ಬಿಯನ್ನು ಅರ್ಧ ತಿಂದು ಮುಚ್ಚಿಡುತ್ತಿದ್ದರು. ಆಕೆಯ ಕೈಯ ಬಿರಿಯಾನಿಯನ್ನು ಬಿಡುವಂಥವರು ಗೋದಾಮಿನಲ್ಲಿ ಯಾರೂ ಇರಲಿಲ್ಲ.

ಹತ್ತು ದಿನ ಆದ ಮೇಲೆ ಒಂದು ವಿಷಯ ನನ್ನ ಮಂದಬುದ್ಧಿಗೆ ಹೊಳೆಯಿತು. ಯಾರ ಮಗ್ಗದ ಸೀರೆಯಾದರೂ ಬಾಗು ಒಂದೇ ಥರ. ಮೇಲಿನ ಅಂಚು ನಡುವಿನಲ್ಲಿ ಮೇಲಕ್ಕೆ ಉಬ್ಬುತ್ತದೆ, ಕೆಳಗಿನ ಅಂಚು ನಡುವಿನಲ್ಲಿ ಕೆಳಕ್ಕೆ. ತುದಿಗಳು ಒಳಕ್ಕೆ. ಊರಿನ ಮಗ್ಗಗಳೆಲ್ಲ ಮಾತಾಡಿಕೊಂಡು ಒಂದೇ ತಪ್ಪು ಮಾಡುವುದುಂಟೇ? ಒಂದು ಸೀರೆಯನ್ನು ತೆಗೆದು ಅರ್ಧ ಮೊಳ ಪಕ್ಕಕ್ಕೆ ಸರಿಸಿ ಹಾಕಿದೆ. ಸೀರೆ ಬಾಗಿದ್ದರೆ ಬಾಗೂ ಜೊತೆಗೆ ಸರಿಯಬೇಕು. ಸರಿಯಲಿಲ್ಲ. ಬಾಗು ಇದ್ದದ್ದು ಫೋಟೋದಲ್ಲಿ.

ಕ್ಯಾಮೆರಾದವರಿಗೆ ಫೋನ್ ಮಾಡಿದೆ. ಅಪ್‌ಡೇಟ್ ಬರುತ್ತೆ ಮೇಡಂ, ಅಂದರು. ಯಾವಾಗ ಅಂದೆ. ಬರುತ್ತೆ, ಅಂದರು. ಆಮೇಲೆ ನನ್ನ ನಂಬರ್ ನೋಡಿದರೇ ಎತ್ತುತ್ತಿರಲಿಲ್ಲ.

ಹಾಗಾಗಿ ಬಸ್ಸಿನಲ್ಲಿ ಮೊಬೈಲ್ ಹಿಡಿದು ನಾನೇ ಓದಲು ಕೂತೆ. ದೇವನಹಳ್ಳಿಯಲ್ಲಿ ಬಸ್ಸು ಬದಲಿಸುವವರೆಗೆ ಅರ್ಧ ಪಾಠ, ಅಲ್ಲಿಂದ ಊರಿಗೆ ಇನ್ನರ್ಧ. ವಿಷಯ ಇಷ್ಟೇ. ಅಗಲ ನೋಟದ ಲೆನ್ಸು ಚಿತ್ರದ ನಡುವಿನಲ್ಲಿರುವುದನ್ನು ಇದ್ದಲ್ಲೇ ಬಿಡುತ್ತದೆ, ದೂರ ಹೋದಂತೆಲ್ಲ ಒಳಕ್ಕೆ ಎಳೆಯುತ್ತದೆ. ಎಷ್ಟು ಎಳೆಯುತ್ತದೆ ಎನ್ನುವುದಕ್ಕೆ ಒಂದು ಲೆಕ್ಕವಿದೆ. ನಡುವಿನಿಂದ ಇರುವ ದೂರದ ಘನವನ್ನು ಒಂದು ಸಂಖ್ಯೆಯಿಂದ ಗುಣಿಸು, ಐದನೇ ಘಾತವನ್ನು ಇನ್ನೊಂದರಿಂದ ಗುಣಿಸು, ಕೂಡಿಸು. ಹತ್ತನೇ ಕ್ಲಾಸಿನಲ್ಲಿ ಬಹುಪದೋಕ್ತಿ ಅಂತ ಕಲಿತು ಶಾಪ ಹಾಕಿದೆವಲ್ಲ, ಅದೇ. ಆ ಎರಡು ಸಂಖ್ಯೆ ಸಿಕ್ಕರೆ ಚಿತ್ರದ ಪ್ರತಿ ಚುಕ್ಕೆಯನ್ನೂ ಎಳೆದಷ್ಟೇ ಹೊರಕ್ಕೆ ತಳ್ಳಿ ಮೊದಲಿದ್ದ ಜಾಗದಲ್ಲಿ ಕೂರಿಸಬಹುದು.

ಸಂಖ್ಯೆ ಹುಡುಕಲು ಮಾತ್ರ ಒಂದು ಸಾಕ್ಷಿ ಬೇಕು. ನಿಜವಾಗಿ ನೇರ ಇರುವ ಗೆರೆಗಳು, ಚಿತ್ರದ ತುಂಬ. ಅವು ಫೋಟೋದಲ್ಲಿ ಎಷ್ಟು ಬಾಗಿ ಕಾಣುತ್ತವೋ ನೋಡಿ, ಅವನ್ನೆಲ್ಲ ಒಟ್ಟಿಗೆ ನೇರ ಮಾಡುವ ಸಂಖ್ಯೆಗಳನ್ನು ಕಂಪ್ಯೂಟರ್ ಹುಡುಕುತ್ತದೆ. ಅದಕ್ಕೆ ಬೇಕಾದ ಪ್ರೋಗ್ರಾಂ ಪುಕ್ಕಟೆ ಸಿಗುತ್ತದೆ. ನೇರ ಇರುವ ಗೆರೆ ಎಲ್ಲಿ ತರುವುದು?

ಇಲ್ಲಿ ನಾನು ಮಾಡಿದ ಕೆಲಸವನ್ನು ಬೇರೆ ಯಾವ ಊರಿನವರೂ ಮಾಡುತ್ತಿರಲಿಲ್ಲ. ಸಾಹೇಬರ ಹತ್ತಿರ ಹೋಗಿ, "ನಿಮ್ಮ ಕೈಯಲ್ಲಿ ಪಾಸಾಗಿರೋದ್ರಲ್ಲಿ ಎಲ್ಲಕ್ಕಿಂತ ನೇರ ಇರೋ ಚೌಕುಳಿ ಸೀರೆ ಒಂದು ಕೊಡಿ," ಅಂದೆ. ನಮ್ಮ ಗೋದಾಮಿನಲ್ಲಿ ನೇರ ಎಂದರೆ ಹಸಿರು ಗಂಟು. ಅದಕ್ಕೂ ಇನ್ನೊಂದು ಸಾಕ್ಷಿ ಬೇಕೆಂದು ಯಾರಿಗೂ ತೋಚುವುದಿಲ್ಲ, ನನಗೂ ತೋಚಲಿಲ್ಲ.

ಅವರು ಅರ್ಧ ದಿನ ತೆಗೆದುಕೊಂಡರು. ಆ ತಿಂಗಳು ಬಂದ ಚೌಕುಳಿ ಸೀರೆಗಳನ್ನೆಲ್ಲ ಕಿಟಕಿಗೆ ಹಿಡಿದು ನೋಡಿ, ಕೊನೆಗೆ ಆ ನಲವತ್ತರಲ್ಲೇ ಇದ್ದ ಒಂದು ಅರಿಶಿನ ಬಣ್ಣದ್ದನ್ನು ತಂದು ಕೊಟ್ಟರು. "ಇದರಲ್ಲಿ ಮಾತಿಲ್ಲಮ್ಮ," ಅಂದರು. ಆ ದಿನಗಳಲ್ಲಿ ಅವರು ಅಷ್ಟು ಗಟ್ಟಿಯಾಗಿ ಆಡಿದ ಮಾತು ಅದೊಂದೇ.

ಸೀರೆ ಹಾಸಿ ಫೋಟೋ ತೆಗೆದು ಲೆಕ್ಕಕ್ಕೆ ಕೊಟ್ಟೆ. ಎರಡು ಸಂಖ್ಯೆ ಬಂತು. ಆದರೆ ಸೀರೆ ಪೂರ್ತಿ ನೇರವಾಗಲಿಲ್ಲ. ನಡುವೆ ಒಂದು ಕಡೆ ಚೌಕಗಳು ಒಳಕ್ಕೆ ಎಳೆದುಕೊಂಡೇ ಇದ್ದವು. ಗಣಿತ ಅಲ್ಲೇ ಹೇಳಿತ್ತು, ನನಗೆ ಕೇಳುವ ಕಿವಿ ಇರಲಿಲ್ಲ. ಗಂಟು ತಪ್ಪಿರುವುದಿಲ್ಲ, ಹಾಗಾದರೆ ಎರಡು ಸಂಖ್ಯೆ ಸಾಲದು ಎಂದುಕೊಂಡು ಮೂರನೆಯದು ಸೇರಿಸಿದೆ, ನಾಲ್ಕನೆಯದು ಸೇರಿಸಿದೆ, ಕೇಂದ್ರವನ್ನು ಆಚೀಚೆ ಸರಿಸಿದೆ. ಪದಗಳನ್ನು ಸೇರಿಸುತ್ತಾ ಹೋದರೆ ಬಹುಪದೋಕ್ತಿ ಯಾರು ಏನು ಹೇಳಿದರೂ ಹೂಂ ಅನ್ನುತ್ತದೆ. ಏಳನೆಯದಕ್ಕೆ ಅರಿಶಿನದ ಸೀರೆ ಗೀಟು ಹೊಡೆದ ಹಾಗೆ ನೇರವಾಯಿತು. ನನಗೆ ಕಣ್ಣಲ್ಲಿ ನೀರು ಬಂದಿತ್ತು ಅಂದರೆ ನಗಬೇಡಿ.

ನರಸಿಂಹಯ್ಯನವರನ್ನು ಕರೆದು ಅವರೆದುರಿಗೇ ನಲವತ್ತು ಸೀರೆಗಳನ್ನು ಮತ್ತೆ ಹಾಯಿಸಿದೆ. ಇಪ್ಪತ್ತೆರಡು ಕೆಂಪು. ಕೆಲವು ಅಂಚುಗಳು ಮೂಲೆಗೆ ಹೋಗುತ್ತಿದ್ದಂತೆ ಅಲೆ ಅಲೆಯಾಗಿ ಕಾಣುತ್ತಿದ್ದವು. ಮೇಜಿನ ಮೇಲೆ ಅಂಗಡಿಯ ಕಬ್ಬಿಣದ ಮೀಟರ್ ಕೋಲು ಬಿದ್ದಿತ್ತು. ಫೋಟೋದಲ್ಲಿ ಅದೂ ಹಾವಿನ ಹಾಗೆ ಬಂದಿತ್ತು. ನರಸಿಂಹಯ್ಯನವರು ಪರದೆಯನ್ನು ನೋಡಿದರು, ಕೋಲನ್ನು ಕೈಗೆತ್ತಿಕೊಂಡು ನೋಡಿದರು.

"ಕಬ್ಬಿಣ ಬಾಗಲ್ಲ," ಅಂದರು. "ಯಾವ ಸೀರೆ ಇಟ್ಟು ಲೆಕ್ಕ ಹಾಕಿದ್ದು?"

"ನಾನು ಆರಿಸಿಕೊಟ್ಟಿದ್ದು ಸ್ವಾಮಿ," ಅಂದರು ಸಾಹೇಬರು.

ಬಟ್ಟೆ ಎಂದ ಮೇಲೆ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ, ತಪ್ಪು ನನ್ನದೇ ಎಂದು ನಾನು ಏನೇನೋ ಹೇಳಿದೆ. ನರಸಿಂಹಯ್ಯನವರು ತಲೆಯಾಡಿಸಿ ಕೆಳಗೆ ಹೋದರು. ಅವರು ಕೆಟ್ಟವರಲ್ಲ, ಕೂಗಾಡುವವರೂ ಅಲ್ಲ. ಅದಕ್ಕೇ ಅವರು ಸುಮ್ಮನೆ ಹೋದರೆ ಹೆಚ್ಚು ಕಷ್ಟವಾಗುತ್ತದೆ. ತಿಂಗಳು ಮುಗಿಯಲು ಎಂಟು ದಿನ ಉಳಿದಿತ್ತು.

ನಾನು ಕುರ್ಚಿಯಲ್ಲಿ ಕುಸಿದು ಕೂತೆ. ಸಾಕಾಗಿತ್ತು. ಯಾರ ಅಂಚು ಹೇಗಿದ್ದರೆ ನನಗೇನು ಅನ್ನಿಸಿತ್ತು. ಸಾಹೇಬರು ಆ ಅರಿಶಿನದ ಸೀರೆಯನ್ನು ಮಡಿಸುತ್ತಿದ್ದರು. ಮಡಿಸಿ ಇಟ್ಟು, "ಅಮ್ಮಾ, ನಿಮಗೆ ಬೇಕಾಗಿರೋದು ನೇರ ಗೆರೆ ಅಲ್ವಾ?" ಅಂದರು.

"ಹೂಂ ಸಾಹೇಬ್ರೆ. ಎಲ್ಲಿಂದ ತರೋಣ?"

"ನೂಲು ತೂಗುಬಿಟ್ರೆ?"

ನಾನು ಅವರ ಮುಖ ನೋಡಿದೆ.

"ಮೇಲೆ ಕಟ್ಟಿ ಕೆಳಗಡೆ ಭಾರ ಬಿಡೋದು. ನೂಲು ಬೇರೆ ಹೆಂಗಿರೋಕೆ ಸಾಧ್ಯ? ಬಟ್ಟೆ ಎಳೆಯುತ್ತೆ, ಬಿಡುತ್ತೆ. ಒಂಟಿ ನೂಲು ಭಾರಕ್ಕೆ ನಿಂತ್ರೆ ನಿಂತ್ಹಂಗೇ. ಕ್ಯಾಮೆರಾನ ಗೋಡೆ ಕಡೆ ತಿರುಗಿಸ್ಬೋದಾ?"

ತಿರುಗಿಸಬಹುದಿತ್ತು. ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಗಾರೆ ಕೆಲಸದವನಿಗೂ ಗೊತ್ತಿರುವ ವಿಷಯ.

ಮಾರನೆಯ ದಿನ ಸಾಹೇಬರು ಗಂಗಲಕ್ಷ್ಮಮ್ಮನವರ ಮನೆಗೆ ಹೋಗಿ, ಬಿಚ್ಚಿ ಮೂಲೆಗೆ ಹಾಕಿದ್ದ ಹಳೆಯ ಜಕಾರ್ಡಿನಿಂದ ಒಂದು ಕೈಚೀಲದ ತುಂಬ ಕಬ್ಬಿಣದ ಕಡ್ಡಿಗಳನ್ನು ತಂದರು. ಸೀರೆಗೆ ಹೂ ಬಳ್ಳಿ ನೇಯಲು ಮಗ್ಗದ ಮೇಲೆ ಕೂರಿಸುತ್ತಾರಲ್ಲ, ಆ ಜಕಾರ್ಡು. ಅದರಿಂದ ಇಳಿಬೀಳುವ ಪ್ರತಿ ನೂಲಿನ ತುದಿಗೂ ಇಂಥದೊಂದು ಸಣ್ಣ ಕಡ್ಡಿ ಭಾರಕ್ಕೆ ಇರುತ್ತದೆ. ಗಂಗಲಕ್ಷ್ಮಮ್ಮ ಯಾಕೆ ಏನು ಎಂದು ಕೇಳದೆ, "ಇನ್ನೂ ಬೇಕಾದ್ರೆ ಬನ್ನಿ," ಅಂದರಂತೆ. ಊರಿನ ಮಾತೆಲ್ಲ ಅವರ ಕಿವಿಗೂ ಬಿದ್ದಿತ್ತು.

ಗೋಡೆಗೆ ಬಿಳಿ ಪಂಚೆ ಬಿಗಿದೆವು. ಸೂರಿನ ತೊಲೆಗೆ ಒಂದು ಪಟ್ಟಿ ಹೊಡೆಸಿ, ಅದರಿಂದ ಮೂರು ಮೂರು ಬೆರಳು ಬಿಟ್ಟು ಕಪ್ಪು ನೂಲು ಇಳಿಬಿಟ್ಟರು ಸಾಹೇಬರು. ಒಟ್ಟು ಮೂವತ್ತೊಂದು. ವರ್ಷಕ್ಕೊಂದರಂತೆ ಎಣಿಸಿ ಕಟ್ಟಿದಿರಾ ಅಂತ ತಮಾಷೆಗೆ ಕೇಳಿದೆ. "ಗೋಡೆ ಇದ್ದದ್ದೇ ಅಷ್ಟು," ಅಂದರು. ಸ್ಟೂಲಿನ ಮೇಲೆ ನಿಂತು ಎಲ್ಲ ಗಂಟನ್ನೂ ಅವರೇ ಹಾಕಿದರು. ಕಣ್ಣು ಹತ್ತಿರ ಒಯ್ಯದೆ, ಬರೀ ಬೆರಳಿನಲ್ಲೇ. ನನ್ನನ್ನು ನೂಲು ಮುಟ್ಟಗೊಡಲಿಲ್ಲ. ಕೆಳಗಿನ ಕಡ್ಡಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದು ಎಷ್ಟೋ ಹೊತ್ತು ಅಲ್ಲಾಡಿದವು. ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಅವು ನಿಲ್ಲುವವರೆಗೆ ಇಬ್ಬರೂ ಬೆವರುತ್ತಾ ಕೂತೆವು.

ಮೇಜಿಗೆ ಎಷ್ಟು ದೂರವೋ ಅಷ್ಟೇ ದೂರದಲ್ಲಿ ಕ್ಯಾಮೆರಾ ಇಟ್ಟು ಒಂದು ಫೋಟೋ, ಕ್ಯಾಮೆರಾವನ್ನು ಮಗ್ಗುಲಾಗಿ ತಿರುಗಿಸಿ ಇನ್ನೊಂದು ಫೋಟೋ. ಪರದೆಯ ಮೇಲೆ ನಡುವಿನ ನೂಲು ಒಂದೇ ನೆಟ್ಟಗೆ, ಅಕ್ಕಪಕ್ಕದವು ದೂರ ಹೋದಂತೆಲ್ಲ ಪೀಪಾಯಿಯ ಪಟ್ಟಿಗಳ ಹಾಗೆ ಹೊರಕ್ಕೆ ಉಬ್ಬಿದ್ದವು. ಪ್ರತಿ ನೂಲಿನ ಮೇಲೂ ಇಪ್ಪತ್ತು ಚುಕ್ಕೆ ಗುರುತಿಸಿದೆ. ಲೆಕ್ಕಕ್ಕೆ ಕೊಟ್ಟೆ. ಎರಡೇ ಸಂಖ್ಯೆ, ಮೊದಲಿನ ಎರಡೇ. ಮೂವತ್ತೊಂದು ನೂಲೂ ಎದ್ದು ನಿಂತವು. ಮೂರನೆಯದನ್ನು ಸೇರಿಸಿದರೆ ಕೂದಲೆಳೆಯಷ್ಟು ಇನ್ನೂ ಚೆನ್ನಾಗಿ ಕಾಣುತ್ತಿತ್ತೇನೋ. ಆ ಹಾದಿ ಒಮ್ಮೆ ಹೋಗಿ ಬಂದಿದ್ದೆ, ಮತ್ತೆ ಹೋಗಲಿಲ್ಲ.

ಕಬ್ಬಿಣದ ಕೋಲನ್ನು ಮೊದಲು ಮೇಜಿನ ನಾಲ್ಕು ಮೂಲೆಗೂ ಇಟ್ಟು ನೋಡಿದೆ. ಎಲ್ಲಿಟ್ಟರೂ ನೇರ. ಮೇಲೆ ಬನ್ನಿ ಎಂದು ನರಸಿಂಹಯ್ಯನವರಿಗೆ ಹೇಳಿಕಳಿಸಿದೆ. ಅವರೆದುರಿಗೆ ನಲವತ್ತು ಸೀರೆ ಮೂರನೇ ಸಲ ಹಾದು ಹೋದವು. ಮೂವತ್ತೇಳು ಪಾಸು, ಮೂರು ಕೆಂಪು.

ನರಸಿಂಹಯ್ಯನವರು ಸಾಹೇಬರ ಹತ್ತಿರ ಹೋಗಿ ಅವರ ಎರಡೂ ಕೈ ಹಿಡಿದುಕೊಂಡರು. "ಮನಸ್ಸಲ್ಲಿ ಇಟ್ಕೋಬೇಡಿ ಸಾಹೇಬ್ರೆ. ನಲವತ್ತಕ್ಕೆ ಮೂರು ಅಂದ್ರೆ ಯಾರಿಗಾದ್ರೂ ಆಗೋದೇ. ನಿಮ್ಮ ಮೇಜು ನಿಮಗೇ. ಊರವರಿಗೆ ನಾನೇ ಹೇಳ್ತೀನಿ," ಅಂದರು. ಸಾಹೇಬರು ಆಗಲಿ ಎಂದು ತಲೆಯಾಡಿಸಿದರು. ಮಾಲೀಕರು ಇಳಿದು ಹೋಗಿ, ಕೆಳಗೆ ಯಾರಿಗೋ ಫೋನಿನಲ್ಲಿ ಕ್ಯಾಮೆರಾದವರನ್ನು ಬೈಯುವುದು ಮೇಲಕ್ಕೆ ಕೇಳಿಸಿತು.

ಕೆಂಪು ಬಂದ ಮೂರನ್ನು ನಾನು ಪಕ್ಕಕ್ಕಿಟ್ಟು ಚೀಟಿ ನೋಡಿದೆ. ಮೂರೂ ಕಳೆದ ನಾಲ್ಕು ತಿಂಗಳಲ್ಲಿ ಬಂದವು. ಅದರಲ್ಲೊಂದು ಆ ಅರಿಶಿನದ್ದು. ಹಳೆಯ ಸೀರೆಗಳಲ್ಲಿ ಒಂದೂ ಕೆಂಪಿಲ್ಲ. ಚೀಟಿಯನ್ನು ಮಡಿಸಿ ಸೀರೆಯೊಳಗೇ ಸೇರಿಸಿದೆ. ಇವತ್ತಿನ ದಿನವೇ ಅದನ್ನೆಲ್ಲ ಯೋಚಿಸಬೇಕೇ? ಮನುಷ್ಯನಿಗೆ ಒಂದು ಸಂಜೆಯಾದರೂ ಗೆದ್ದೆ ಅನ್ನಿಸಲಿ. ಮೂರೂವರೆ ಆಗಿತ್ತು. ಐದರ ಬಸ್ಸು ಸಿಕ್ಕರೆ ಬೆಳಕಿರುವಾಗಲೇ ಮನೆ ಸೇರಬಹುದು ಎಂದು ಲೆಕ್ಕ ಹಾಕುತ್ತಿದ್ದೆ.

ಸಾಹೇಬರು ನೂಲು ಬಿಚ್ಚಲು ಸ್ಟೂಲು ತೆಗೆದುಕೊಂಡು ಹೋದವರು ಹತ್ತದೆ ನಿಂತುಬಿಟ್ಟಿದ್ದರು. ನೂಲುಗಳ ಎದುರಿಗೆ, ಎರಡು ಮಾರು ದೂರದಲ್ಲಿ. ತಲೆ ಸ್ವಲ್ಪ ಓರೆ.

"ಅಮ್ಮಾ, ಫ್ಯಾನ್ ಹಾಕಿದ್ರಾ?" ಅಂದರು.

"ಇಲ್ಲವಲ್ಲ."

"ಕಿಟಕಿ?"

"ಮುಚ್ಚಿದೆ ಸಾಹೇಬ್ರೆ. ಯಾಕೆ?"

ಅವರು ತಲೆಯೆತ್ತಿ ಫ್ಯಾನು ನೋಡಿದರು. ಅದು ನಿಂತೇ ಇತ್ತು. ಕೆಳಗೆ ಕಡ್ಡಿಗಳನ್ನು ನೋಡಿದರು. ಅವೂ ನಿಂತಿದ್ದವು.

"ನಡುಮಧ್ಯದ್ದು ಯಾಕೆ ಬಳುಕಿದೆ?" ಅಂದರು.

ನಾನು ಎದ್ದು ಹೋಗಿ ಅವರ ಪಕ್ಕ ನಿಂತು ನೋಡಿದೆ. ಮೂವತ್ತೊಂದು ನೂಲು, ಮೂವತ್ತೊಂದೂ ನೆಟ್ಟಗೆ. ಸಾಹೇಬರು ಎಡಗೈಯಿಂದ ಬಲಗಣ್ಣು ಮುಚ್ಚಿ ನೋಡಿದರು. ಕೈ ಬದಲಿಸಿ ಎಡಗಣ್ಣು ಮುಚ್ಚಿ ನೋಡಿದರು. ಹಾಗೆ ಬಹಳ ಹೊತ್ತು ನಿಂತರು. ಮತ್ತೆ ಮೊದಲಿನಿಂದ, ಒಂದು ಕಣ್ಣು, ಇನ್ನೊಂದು ಕಣ್ಣು.

ಆಮೇಲೆ ಮುಂದೆ ಹೋಗಿ, ನಡುವಿನ ನೂಲನ್ನು ಮೇಲಿನಿಂದ ಎರಡು ಬೆರಳಲ್ಲಿ ಹಿಡಿದು, ಅಲುಗಿಸದ ಹಾಗೆ ಕೆಳಗಿನವರೆಗೆ ಸವರಿಕೊಂಡು ಬಂದರು. ಕಡ್ಡಿ ಮುಟ್ಟಿದ ಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತರು.

"ಬೆರಳಿಗೆ ನೇರ ಐತೆ," ಅಂದರು.

ನೂಲು ಬೇರೆ ಹೇಗಿರಲು ಸಾಧ್ಯ ಎಂದವರು ಅವರೇ. ಕಟ್ಟಿದವರೂ ಅವರೇ. ನನ್ನ ಮಾತನ್ನು, ಮಾಲೀಕರ ಮಾತನ್ನು, ಯಂತ್ರವನ್ನು ಬೇಕಾದರೆ ಅವರು ಅನುಮಾನಿಸಬಹುದಿತ್ತು. ಆ ನೂಲನ್ನು ಅನುಮಾನಿಸುವ ಹಾಗಿರಲಿಲ್ಲ.

"ಸಂಕ್ರಾಂತಿ ಆದಾಗಿಂದ ಬಲಗಣ್ಣಿಗೆ ಹಿಂಗೇ," ಅಂದರು ಕೂತಲ್ಲಿಂದಲೇ. "ಮನೇಲಿ ನೆಲದ ಕಲ್ಲಿನ ಗೆರೆ ಎಲ್ಲಾ ಅಲೆ ಅಲೆ ಕಾಣ್ತಿತ್ತು. ಕನ್ನಡಕ ಹಳೇದು ಅಂತ ಎರಡು ಸಲ ಬದಲಾಯಿಸ್ದೆ. ಮೊದಲ ದಿನ ಯಂತ್ರ ಎಲ್ಲಾ ಬಾಗಿದೆ ಅಂತು ನೋಡಿ, ಹೌದಲ್ಲ ನಂಗೂ ಹಂಗೇ ಕಾಣುತ್ತೆ ಅಂದ್ಕೊಂಡೆ. ಆಮೇಲೆ ನೀವು ಯಂತ್ರದ್ದೇ ತಪ್ಪು ಅಂದ್ರಿ. ಅದರ ತಪ್ಪಾದ್ರೆ ನನ್ನ ಕಣ್ಣಿಗೇನಿಲ್ಲ ಅಂತ ಆಸೆ ಆಯ್ತು."

ನಾನು ಅವರ ಮುಂದೆ ನೆಲದ ಮೇಲೆ ಕೂತೆ. ಸೊಂಟದಲ್ಲಿ ಚಳುಕು ಹಿಡಿಯಿತು, ಹಿಡಿಯಲಿ ಎಂದು ಬಿಟ್ಟೆ. ಬಲಗಣ್ಣು ಒಂದೇ ಅಲ್ವಾ, ನಾಳೆಯೇ ಬೆಂಗಳೂರಿಗೆ ಹೋಗೋಣ, ದೊಡ್ಡ ಡಾಕ್ಟರಿಗೆ ತೋರಿಸೋಣ, ನಾನೂ ಬರ್ತೀನಿ ಎಂದೆಲ್ಲ ಹೇಳಿದೆ. ಹೂಂ ಹೂಂ ಅಂದರು.

"ಅದಕ್ಕೆ ಎರಡು ಸಂಖ್ಯೆ ಸಿಕ್ತು. ಇದಕ್ಕೂ ಸಿಗುತ್ತಾ?" ಎಂದು ಕೇಳಿದರು. ಮಾತಿನಲ್ಲಿ ವ್ಯಂಗ್ಯ ಇರಲಿಲ್ಲ, ನಿಜವಾಗಿಯೇ ಕೇಳಿದರು.

"ನಂಗೊತ್ತಿಲ್ಲ ಸಾಹೇಬ್ರೆ," ಅಂದೆ. ಗೊತ್ತಿತ್ತು. ಬಸ್ಸಿನಲ್ಲಿ ಲೆನ್ಸಿನ ಬಗ್ಗೆ ಓದುವಾಗ ಕಣ್ಣಿನ ಬಗ್ಗೆಯೂ ಒಂದೆರಡು ಪುಟ ಬಂದಿದ್ದವು. ಒಳಗಿನ ಪರದೆಯೇ ಸುಕ್ಕಾದರೆ ಚುಕ್ಕೆಗಳನ್ನು ಹೊರಕ್ಕೆ ತಳ್ಳಿ ಕೂರಿಸುವವರು ಯಾರೂ ಇಲ್ಲ. ಇನ್ನಷ್ಟು ಕೆಡದ ಹಾಗೆ ನೋಡಿಕೊಳ್ಳಬಹುದು, ಅಷ್ಟೇ. ಒಂದು ತಿಂಗಳ ಮೇಲೆ ಡಾಕ್ಟರೂ ಅದನ್ನೇ ಹೇಳಿದರು.

"ಮಾಲೀಕರಿಗೆ ಈಗಲೇ ಹೇಳೋದು ಬೇಡ," ಅಂದೆ. "ಯಾರಿಗೂ ಗೊತ್ತಿಲ್ಲ. ಈಗ ಯಂತ್ರ ಸರಿಯಾಗಿದೆ, ನಾನು ಪರದೆ ನೋಡಿ ಹೇಳ್ತೀನಿ, ನೀವು ಗಂಟು ಹಾಕ್ತಾ ಹೋಗಿ."

ಅವರು ನನ್ನನ್ನೇ ನೋಡಿದರು. ಯಾವ ಕಣ್ಣಿಂದ ನೋಡಿದರೋ, ನನ್ನ ಮುಖ ಎಷ್ಟು ಸೊಟ್ಟ ಕಂಡಿತೋ. "ನೋಡದೆ ಹೆಂಗಮ್ಮ ಹಾಕೋದು?" ಅಂದರು. "ಮಾಲೀಕರಿಗೆ ನಾನೇ ಹೇಳ್ತೀನಿ. ಆ ಮೂರು ಸೀರೆ ಎಲ್ಲಿಟ್ರಿ?"

ಅಂದರೆ ಆ ಮೂರು ಯಾವಾಗಿನವು ಎಂಬುದೂ ಅವರಿಗೆ ಗೊತ್ತಿತ್ತು. ತಂದುಕೊಟ್ಟೆ. ಸಾಹೇಬರು ಒಂದೊಂದನ್ನೇ ತೆಗೆದು, ಮೂಲೆ ಹುಡುಕಿ, ಹಸಿರು ಗಂಟನ್ನು ಉಗುರಿನಿಂದ ಬಿಡಿಸಿದರು. ಕತ್ತರಿ ಕೊಟ್ಟೆ, ತೆಗೆದುಕೊಳ್ಳಲಿಲ್ಲ. ಮೂರು ಗಂಟು ಬಿಚ್ಚಲು ತುಂಬ ಹೊತ್ತು ಹಿಡಿಯಿತು. ಬಿಚ್ಚಿ, ಸೀಮೆಸುಣ್ಣದಲ್ಲಿ ಗೀಟು ಎಳೆದು, ಎಡಗಡೆ ಇಟ್ಟರು. ಅರಿಶಿನದ್ದನ್ನು ಎಲ್ಲಕ್ಕಿಂತ ಮೇಲೆ. ಆಮೇಲೆ ಜೇಬಿನಿಂದ ಹಸಿರು ನೂಲಿನ ಉಂಡೆ ತೆಗೆದು ನನ್ನ ಕೀಬೋರ್ಡಿನ ಪಕ್ಕ ಇಟ್ಟರು.

"ಗಂಟಿಲ್ಲದೆ ನೇಕಾರರು ಒಪ್ಪಲ್ಲ. ನಾಳೆಯಿಂದ ನೀವು ಹಾಕಿ."

"ನಂಗೆ ಬರಲ್ಲ ಸಾಹೇಬ್ರೆ."

"ಕಲಿಸ್ತೀನಿ. ಅದು ಬೆರಳಿನ ಕೆಲಸ."

ಐದರ ಬಸ್ಸು ಹೋಯಿತು. ಆರರದೂ ಹೋಯಿತು. ಮೊದಲನೆಯ ಗಂಟು ಜಾರಿತು, ಎರಡನೆಯದು ಬಟಾಣಿಯಷ್ಟಾಯಿತು, ಮೂರನೆಯದಕ್ಕೆ ನೂಲೇ ತುಂಡಾಯಿತು. ಅವರು ನನ್ನ ಬೆರಳಿನ ಮೇಲೆ ತಮ್ಮ ಬೆರಳಿಟ್ಟು ಮತ್ತೆ ತೋರಿಸಿದರು. ಐದನೆಯ ಸಲ ಸಣ್ಣದಾಗಿ, ಗಟ್ಟಿಯಾಗಿ ಬಿತ್ತು. ಸರಿಯಾಗಿದೆಯಾ ನೋಡಿ ಎಂದು ಮೂಲೆಯನ್ನು ಅವರ ಮುಖದ ಹತ್ತಿರ ಹಿಡಿದೆ. ಸಾಹೇಬರು ಕಣ್ಣು ಮುಚ್ಚಿಕೊಂಡು ಬೆರಳಿನಿಂದ ಮುಟ್ಟಿ ನೋಡಿದರು. "ಬಿದ್ದೈತೆ," ಅಂದರು.